‘ಸೈಕಲ್ ಅಂದ್ರೆ ಸೈಕಲ್ಲೇ’ ಅನ್ನುವವರು ಜ್ಞಾನಭಾರತಿಯ ಏರು ಹತ್ತಿ ನೋಡಲಿ

ನಮ್ಮ ಕಡೆಯ ಒಂದು ಸೈಕಲ್ ಆಯ್ಕೆ ಶಿಬಿರದಲ್ಲಿ ಹಳ್ಳಿ ಹುಡುಗನೊಬ್ಬ ಮೊದಲ ತಿರುವಲ್ಲೇ ಬಿದ್ದ. ಅವನು ಎರಡು ವರ್ಷ ಅಭ್ಯಾಸ ಮಾಡಿದ್ದು ಹಳೇ ಕಬ್ಬಿಣದ ರೇಸ್ ಸೈಕಲ್ ಮೇಲೆ. ಆವತ್ತು ಬೆಳಿಗ್ಗೆ ಕೈಗೆ ಕೊಟ್ಟಿದ್ದು ಡಿಸ್ಕ್ ಬ್ರೇಕಿನ ಹೊಸ ಸೈಕಲ್. ಊರಲ್ಲಿ ಹಿಡಿಯುವಷ್ಟೇ ಬಿಗಿಯಾಗಿ ಬ್ರೇಕ್ ಹಿಡಿದ, ಮುಂದಿನ ಗಾಲಿ ಕಚ್ಚಿಕೊಂಡಿತು. ಮೊಣಕೈ ಕಿತ್ತು ಕೂತಿದ್ದವನಿಗೆ ಅಲ್ಲಿದ್ದ ಹಿರಿಯರೊಬ್ಬರು, ‘ಸೈಕಲ್ ಅಂದ್ರೆ ಸೈಕಲ್ಲೇ ಕಣೋ, ಕಾಲಲ್ಲಿ ದಮ್ಮಿರಬೇಕು’ ಅಂದರು. ನಾವು ಗೆದ್ದವರ ಹೆಸರಷ್ಟೇ ಬರೆದು ಕಳಿಸಿದೆವು. ಆ ಮಾತನ್ನು ಬರೆಯಲಿಲ್ಲ. ಈಗ ಬರೆಯುತ್ತಿದ್ದೇವೆ, ಯಾಕೆಂದರೆ ಅದು ಸುಳ್ಳು.

ಸುಳ್ಳು ಅಂತ ಖಾತ್ರಿ ಮಾಡಿಕೊಳ್ಳಲು ಒಂದು ಭಾನುವಾರ ಬೆಳಿಗ್ಗೆ ನಾವು ಮೂವರು ವಿಜಯನಗರದ ಗೆಳೆಯನ ರೂಮಿನಿಂದ ಎರಡು ಸೈಕಲ್ ಹಿಡಿದು ಜ್ಞಾನಭಾರತಿಗೆ ಹೋದೆವು. ಒಂದು ಗೆಳೆಯನ ಮಾವನ ಕಾಲದ ಉಕ್ಕಿನ ರೇಸ್ ಸೈಕಲ್, ಇನ್ನೊಂದು ಕೇಳಿ ತಂದ ಹೊಸದು. ವಿಶ್ವವಿದ್ಯಾಲಯದ ಒಳರಸ್ತೆಗಳಲ್ಲಿ ಮರದ ನೆರಳಿದೆ, ಏರಿಳಿತವಿದೆ, ಬೇಕಾದಷ್ಟು ಹಂಪುಗಳಿವೆ. ಕೆಂಗೇರಿ, ರಾಜಾಜಿನಗರದ ಕಡೆಯಿಂದ ಹೆಲ್ಮೆಟ್ ಹಾಕಿಕೊಂಡು ಬರುವವರಿಗೂ ಇದೇ ಇಷ್ಟ.

ಹಳೆಯದರಲ್ಲಿ ಗೇರ್ ಲಿವರ್ ಇರುವುದು ಹ್ಯಾಂಡಲ್ ಮೇಲಲ್ಲ, ಕೆಳಗಿನ ಪೈಪಿನ ಮೇಲೆ. ಗೇರ್ ಬದಲಿಸಲು ಒಂದು ಕೈ ಬಿಟ್ಟು ಬಗ್ಗಬೇಕು. ಚೈನು ಸರಿಯಾಗಿ ಕೂತಿತೋ ಇಲ್ಲವೋ ಕಿವಿಯಲ್ಲೇ ಕೇಳಿ ತಿಳಿಯಬೇಕು. ಏರಿನ ನಡುವೆ ಗುಂಡಿ ಬಂದರೆ ಯಾರೂ ಕೈ ಬಿಡುವುದಿಲ್ಲ. ಹಾಗಾಗಿ ದೊಡ್ಡ ಗೇರಲ್ಲೇ ಎದ್ದು ನಿಂತು ತುಳಿಯುವುದು ರೂಢಿಯಾಗುತ್ತದೆ. ಶಿಮಾನೊ ಕಂಪನಿ ಬ್ರೇಕ್ ಹಿಡಿಕೆಯಲ್ಲೇ ಗೇರ್ ಇಟ್ಟಿದ್ದು 1990ರಲ್ಲಿ. ಅಲ್ಲಿಂದ ಓಡಿಸುವ ರೀತಿಯೇ ಬದಲಾಯಿತು: ಕೂತಲ್ಲೇ ಕೂತು, ಬೆರಳಲ್ಲಿ ತಳ್ಳಿ, ಪ್ರತಿ ಸಣ್ಣ ಏರಿಗೂ ಗೇರ್ ಬದಲಿಸಬಹುದು.

ಲೆಕ್ಕ ನೋಡಿ. ನಮ್ಮ ಕೈಲಿದ್ದ ಹಳೆಯದರಲ್ಲಿ ಅತಿ ಹಗುರ ಗೇರ್ ಅಂದರೆ ಮುಂದೆ 42 ಹಲ್ಲು, ಹಿಂದೆ 24. ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 3.7 ಮೀಟರ್ ಹೋಗಬೇಕು. ಹೊಸದರಲ್ಲಿ ಮುಂದೆ 34, ಹಿಂದೆ 34. ಒಂದು ಸುತ್ತಿಗೆ 2.1 ಮೀಟರ್ ಹೋದರೆ ಸಾಕು. ಅದೇ ಏರು, ಅದೇ ಕಾಲು. ನಮ್ಮಲ್ಲಿ ಹೊಟ್ಟೆ ಬಂದವನೊಬ್ಬ (ಯಾರೆಂದು ಹೇಳುವುದಿಲ್ಲ) ಹೊಸದರಲ್ಲಿ ಮಾತಾಡುತ್ತಾ ಹತ್ತಿದ, ಹಳೆಯದರಲ್ಲಿ ಇಳಿದು ತಳ್ಳಿದ. ಇದರಲ್ಲಿ ದಮ್ಮಿನ ಮಾತೆಲ್ಲಿ ಬಂತು?

ಟಯರಿನದು ಇನ್ನೂ ಮಜ. ಸಣ್ಣ ಟಯರ್, ಕಲ್ಲಿನಂತೆ ಗಾಳಿ, ಆಗ ಓಟ ಜಾಸ್ತಿ ಅಂತ ನಾವೆಲ್ಲ ನಂಬಿದ್ದೆವು. ಹಳೆಯದರಲ್ಲಿ 23 ಮಿಲಿಮೀಟರ್ ಟಯರಿಗೆ 110 ಪಿಎಸ್ಐ ಗಾಳಿ ಇತ್ತು. ಹೊಸದರಲ್ಲಿ 30 ಮಿಲಿಮೀಟರಿಗೆ 65. ಒರಟು ಡಾಂಬರಿನ ಮೇಲೆ ಹಳೆಯದು ಕುಣಿಯುತ್ತದೆ. ಪ್ರತಿ ಕುಣಿತಕ್ಕೂ ನಿಮ್ಮ ಶಕ್ತಿ ಮೇಲಕ್ಕೆ ಹೋಗಿ ವ್ಯರ್ಥವಾಗುತ್ತದೆ, ಅಂಗೈ ಜುಮ್ಮೆನ್ನುತ್ತದೆ. ಅಗಲದ ಟಯರ್ ಕಲ್ಲನ್ನು ನುಂಗಿಕೊಂಡು ಮುಂದಕ್ಕೆ ಉರುಳುತ್ತದೆ. ಈಗ ದೊಡ್ಡ ರೇಸುಗಳಲ್ಲೂ 28ಕ್ಕಿಂತ ಕಡಿಮೆ ಕಾಣುವುದು ಅಪರೂಪ. ‘ನಮ್ಮ ರಸ್ತೆಗೆ ರೋಡ್ ಬೈಕ್ ಆಗಲ್ಲ’ ಅನ್ನುವ ಮಾತು ಹುಟ್ಟಿದ್ದು ಹಳೆಯ ಟಯರಿನ ಕಾಲದಲ್ಲಿ.

ಬ್ರೇಕು: ಮಳೆಯಲ್ಲಿ ಹಳೆಯ ರಿಮ್ ಬ್ರೇಕ್ ಮೊದಲು ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಡಿಸ್ಕ್ ಒರೆಸುತ್ತಾ ಕೂರುವುದಿಲ್ಲ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರಸ್ತೆ ರೇಸಿಗೆ ಅದನ್ನು ಪೂರ್ತಿ ಒಪ್ಪಿದ್ದೇ 2018ರಲ್ಲಿ. ಹಿರಿಯರಿಗೇ ಹೊಸದಾದದ್ದನ್ನು ಒಂದು ಬೆಳಗಿನಲ್ಲಿ ಕಲಿತುಬಿಡು ಎಂದು ಹುಡುಗನಿಗೆ ಹೇಳುವುದು ಯಾವ ನ್ಯಾಯ?

ಹಳೆಯದರ ಪರವಾಗಿ ಒಂದು ಮಾತು ನಿಜ. ಅದು ಎಲ್ಲಿ ಕೆಟ್ಟರೂ ಹೋಬಳಿಯ ಸೈಕಲ್ ಶಾಪಿನಲ್ಲಿ ರಿಪೇರಿಯಾಗುತ್ತದೆ. ಎಣ್ಣೆ ತುಂಬಿದ ಡಿಸ್ಕ್ ಬ್ರೇಕ್ ಕೆಟ್ಟರೆ ಬೆಂಗಳೂರಿಗೇ ಬರಬೇಕೇನೋ. ಆದರೆ ವೈರಿನ ಡಿಸ್ಕ್ ಬ್ರೇಕೂ ಇದೆ, ಅದಕ್ಕೆ ಸ್ಪ್ಯಾನರ್ ಸಾಕು. ಲಕ್ಷಗಟ್ಟಲೆಯ ಕಾರ್ಬನ್ ಯಾರೂ ಕೇಳುತ್ತಿಲ್ಲ. ಓಟದ ರುಚಿ ಬದಲಿಸಿದ್ದು ಅಗಲದ ಟಯರು, ಹಗುರ ಗೇರು, ಕೈಯಳತೆಯ ಲಿವರು. ಇವಿಷ್ಟೂ ಅಲ್ಯೂಮಿನಿಯಂ ಸೈಕಲ್ಲಿನಲ್ಲೂ ಸಿಗುತ್ತವೆ.

ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಮಕ್ಕಳು ಈ ರಾಜ್ಯಕ್ಕೆ ಸೈಕಲ್ ಪದಕ ತಂದುಕೊಟ್ಟಿದ್ದಾರೆ. ಆಯ್ಕೆ ಮಾಡುವವರಿಗೆ ನಮ್ಮ ಬೇಡಿಕೆ ಒಂದೇ: ಯಾವ ಸೈಕಲ್ ಮೇಲೆ ಅಳೆಯುತ್ತೀರೋ ಅದನ್ನು ಹದಿನೈದು ದಿನ ಮೊದಲೇ ಮಕ್ಕಳ ಕೈಗೆ ಕೊಡಿ. ಆಗದಿದ್ದರೆ, ಅವರು ತಂದ ಸೈಕಲ್ ಮೇಲೇ ಓಡಿಸಿ, ಬಿಡಿ.

ಮಗನಿಗೆ ಸೆಕೆಂಡ್ ಹ್ಯಾಂಡ್ ಕೊಡಿಸುವ ಅಪ್ಪಂದಿರಿಗೂ ಒಂದು ಮಾತು. ಹಳೆಯ ಸ್ಪೋರ್ಟ್ಸ್ ಸೈಕಲ್ಲುಗಳ 27 ಇಂಚಿನ ಗಾಲಿಯೂ ಈಗಿನ 700ಸಿ ಗಾಲಿಯೂ ನೋಡಲು ಒಂದೇ. ಆದರೆ ಮೊದಲನೆಯದರ ಅಳತೆ 630, ಎರಡನೆಯದು 622. ಎಂಟೇ ಮಿಲಿಮೀಟರ್ ವ್ಯತ್ಯಾಸ, ಆದರೂ ಒಂದರ ಟಯರ್ ಇನ್ನೊಂದಕ್ಕೆ ಆಗುವುದಿಲ್ಲ. ಟಯರಿನ ಪಕ್ಕದಲ್ಲಿ ಆ ಅಂಕಿ ಬರೆದಿರುತ್ತದೆ. ದುಡ್ಡು ಕೊಡುವ ಮೊದಲು ಬಗ್ಗಿ ಓದಿಕೊಳ್ಳಿ.