ತಗ್ಗಿದ ತಲೆಯ ಭಾರ

ಹುಳಿಯಾರಿನ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ನೋಡಿದವರಿಗೆ ಈ ಕಾಲದ ಲಕ್ಷಣವು ತಾನಾಗಿಯೇ ಗೋಚರವಾಗುವುದು. ತಿಪಟೂರಿಗೆ ಹೊರಟ ರೈತನಾಗಲಿ, ಚಿಕ್ಕನಾಯಕನಹಳ್ಳಿಯ ಕಚೇರಿಗೆ ಹೊರಟ ಗುಮಾಸ್ತನಾಗಲಿ, ಕಾಲೇಜಿನ ವಿದ್ಯಾರ್ಥಿಯಾಗಲಿ, ಎಲ್ಲರ ತಲೆಯೂ ಅಂಗೈಯೊಳಗಿನ ಮೊಬೈಲಿನ ಕಡೆಗೆ ತಗ್ಗಿರುತ್ತದೆ. ಗೊನೆಯನ್ನು ನೋಡಲು ತಲೆಯೆತ್ತುವುದೇ ನಿತ್ಯಾಭ್ಯಾಸವಾಗಿದ್ದ ಈ ತೆಂಗಿನ ಸೀಮೆಯಲ್ಲಿ, ಮರದ ನೆರಳಿನಲ್ಲಿ ಕುಳಿತವನೂ ಈಗ ಕೊಬ್ಬರಿಯ ಧಾರಣೆಯನ್ನು ತಲೆ ತಗ್ಗಿಸಿಯೇ ತಿಳಿಯಬೇಕಾಗಿದೆ. ಸಾಯಂಕಾಲವಾದರೆ ಕತ್ತುನೋವು, ಹೆಗಲಿನ ಬಿಗಿತ ಎಂಬ ಮಾತು ಮನೆ ಮನೆಯಲ್ಲಿಯೂ ಕೇಳಿಬರುತ್ತಿದೆ.

ಇದರ ಕಾರಣವು ಗೂಢವಾದುದಲ್ಲ. ಮನುಷ್ಯನ ತಲೆಯ ತೂಕವು ಸುಮಾರು ೪.೫ರಿಂದ ೫.೫ ಕಿಲೋಗ್ರಾಂ, ಎಂದರೆ ಸುಲಿದ ಹತ್ತು ತೆಂಗಿನಕಾಯಿಗಳಷ್ಟು. ಕತ್ತಿನ ಏಳು ಮಣಿಗಳ ಮೇಲೆ ಅದು ನೆಟ್ಟಗಿರುವವರೆಗೆ ಸ್ನಾಯುಗಳಿಗೆ ಹೆಚ್ಚಿನ ಶ್ರಮವಿಲ್ಲ. ಮುಂದಕ್ಕೆ ಬಾಗಿದೊಡನೆ ತಲೆಯನ್ನು ಹಿಡಿದು ನಿಲ್ಲಿಸುವ ಕೆಲಸವು ಕತ್ತಿನ ಹಿಂಭಾಗದ ಸ್ನಾಯುಗಳಿಗೆ ಬೀಳುತ್ತದೆ. ನ್ಯೂಯಾರ್ಕಿನ ಬೆನ್ನುಮೂಳೆಯ ಶಸ್ತ್ರವೈದ್ಯರಾದ ಕೆನೆತ್ ಹಂಸ್‌ರಾಜ್ ಎಂಬವರು ೨೦೧೪ರಲ್ಲಿ ಗಣಕಯಂತ್ರದ ಮೂಲಕ ಲೆಕ್ಕಹಾಕಿದ ಪ್ರಕಾರ, ೧೫ ಡಿಗ್ರಿ ಬಾಗಿದಾಗ ಕತ್ತಿನ ಮೇಲಿನ ಭಾರವು ಸುಮಾರು ೧೨ ಕಿಲೋಗ್ರಾಂ, ೬೦ ಡಿಗ್ರಿ ಬಾಗಿದಾಗ ಸುಮಾರು ೨೭. ಹತ್ತು ಕಾಯಿಯ ಹೊರೆಯು ಐವತ್ತು ಕಾಯಿಯದಾಯಿತೆಂದು ನಮ್ಮ ವಾಚಕರು ತಿಳಿಯಬಹುದು.

ಆದರೆ ಜನರನ್ನು ಸುಮ್ಮನೆ ಬೆದರಿಸುವುದು ಪತ್ರಿಕೆಯ ಧರ್ಮವಲ್ಲ. ೨೦೧೮ರಲ್ಲಿ ಪ್ರಕಟವಾದ ಬ್ರೆಜಿಲಿನ ಪರಿಶೋಧನೆಯೊಂದರಲ್ಲಿ, ೧೮ರಿಂದ ೨೧ ವರ್ಷದ ತರುಣರ ತಲೆ ಬಾಗಿಸುವ ಭಂಗಿಗೂ ಕತ್ತುನೋವಿಗೂ ಸಂಬಂಧವು ಕಂಡುಬರಲಿಲ್ಲ. ಬಾಗುವುದೇ ಅಪರಾಧವಾಗಿದ್ದರೆ ನಾಟಿಮಾಡುವ ಹೆಣ್ಣುಮಕ್ಕಳೂ ಅಕ್ಕಸಾಲಿಗರೂ ಎಂದೋ ಹಾಸಿಗೆ ಹಿಡಿಯಬೇಕಾಗಿತ್ತು. ಆದುದರಿಂದ ಭಂಗಿಯೊಂದನ್ನೇ ದೂರುವುದು ನ್ಯಾಯವಲ್ಲ. ಗಂಟೆಗಟ್ಟಲೆ ಅಲುಗಾಡದೆ ಒಂದೇ ಭಂಗಿಯಲ್ಲಿರುವುದು, ವ್ಯಾಯಾಮದ ಅಭಾವ, ನಿದ್ರೆಗೇಡು, ಮನಸ್ಸಿನ ಆತಂಕ, ಇವೆಲ್ಲವೂ ಕೂಡಿಯೇ ನೋವನ್ನು ಬೆಳೆಸುತ್ತವೆ ಎಂಬುದೇ ನಮ್ಮ ಅಭಿಪ್ರಾಯ.

ವಿನೋದಕ್ಕಾಗಿ ತಲೆ ತಗ್ಗಿಸುವವರು ತಾವೇ ತಿದ್ದಿಕೊಳ್ಳಬಹುದು. ಉದ್ಯೋಗಕ್ಕಾಗಿ ತಗ್ಗಿಸುವವರ ಗತಿಯೇನು? ಗ್ರಾಮ ಆಡಳಿತಾಧಿಕಾರಿಗಳು ೨೦೨೪ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದಾಗ, ಹತ್ತಾರು ಮೊಬೈಲ್ ತಂತ್ರಾಂಶಗಳ ಕೆಲಸದ ಒತ್ತಡವೂ ಅವರ ಅಹವಾಲುಗಳಲ್ಲಿ ಒಂದಾಗಿತ್ತು. ಅಂಗನವಾಡಿಯ ಕಾರ್ಯಕರ್ತೆಯರು ಮಕ್ಕಳ ತೂಕ ಎತ್ತರಗಳನ್ನು ಮೊಬೈಲಿನಲ್ಲಿಯೇ ದಾಖಲಿಸಬೇಕು. ೨೦೨೫ರ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲಿ ಉಪಾಧ್ಯಾಯರು ಮನೆ ಮನೆಗೆ ತಿರುಗಿ, ಜಗಲಿಗಳ ಮೇಲೆ ಕುಳಿತು, ಅದೇ ಸಣ್ಣ ಯಂತ್ರದಲ್ಲಿ ಉತ್ತರಗಳನ್ನು ತುಂಬಿದರು. ಕಾಗದದ ಕಡತವನ್ನು ತೆಗೆದುಹಾಕಿದ ಸರಕಾರದವರು, ಅದನ್ನಿಡುತ್ತಿದ್ದ ಮೇಜನ್ನೂ ನೌಕರನಿಂದ ತೆಗೆದುಕೊಂಡಂತಾಗಿದೆ. ದೀರ್ಘವಾದ ದಾಖಲೆಯ ಕೆಲಸಕ್ಕೆ ಮೇಜು, ಕುರ್ಚಿ, ದೊಡ್ಡ ಪರದೆಯ ಗಣಕಯಂತ್ರಗಳನ್ನು ಒದಗಿಸುವುದೂ, ಒಂದೇ ವಿಷಯವನ್ನು ಹಲವು ತಂತ್ರಾಂಶಗಳಲ್ಲಿ ತುಂಬಿಸುವ ಪದ್ಧತಿಯನ್ನು ನಿಲ್ಲಿಸುವುದೂ ಅಧಿಕಾರಿಗಳ ಕರ್ತವ್ಯವೆಂದು ಸವಿನಯವಾಗಿ ಅರಿಕೆಮಾಡುತ್ತೇವೆ.

ಮಹಾಜನರು ಮಾಡಬೇಕಾದುದೂ ಕಷ್ಟವಾದುದಲ್ಲ. ಮೊಬೈಲನ್ನು ಕಣ್ಣಿನ ಮಟ್ಟದ ಸಮೀಪಕ್ಕೆ ಎತ್ತಿ ಹಿಡಿಯುವುದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು. ಹೆಗಲನ್ನೂ ಕತ್ತನ್ನೂ ಮೆಲ್ಲಗೆ ತಿರುಗಿಸುವುದು. ಮಲಗುವ ಮುನ್ನ ಯಂತ್ರವನ್ನು ದೂರವಿಡುವುದು. ದೇಹ, ಶಿರಸ್ಸು, ಕಂಠಗಳನ್ನು ಸಮವಾಗಿರಿಸಬೇಕೆಂದು ಭಗವದ್ಗೀತೆಯ ಆರನೆಯ ಅಧ್ಯಾಯವು ಧ್ಯಾನಿಗೆ ವಿಧಿಸಿದುದು ಗುಮಾಸ್ತನಿಗೂ ಹಿತವೇ. ಕೈಗೆ ಜೋಮು ಹಿಡಿದರೆ, ಹಿಡಿತವು ಸಡಿಲವಾದರೆ, ನಡಿಗೆಯು ತೊಡರಿದರೆ, ಜ್ವರವಾಗಲಿ ಬಿದ್ದ ಪೆಟ್ಟಾಗಲಿ ನೋವಿನೊಡನೆ ಕೂಡಿದ್ದರೆ, ಕತ್ತನ್ನು ಲಟಕ್ಕನೆ ತಿರುಗಿಸುವವರ ಬಳಿಗೆ ಹೋಗದೆ ತಡಮಾಡದೆ ವೈದ್ಯರನ್ನು ಕಾಣಬೇಕು. ಯಂತ್ರವನ್ನು ಬಿಡಲಾರದಷ್ಟು ಚಟ ಹತ್ತಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೪ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿದೆ.

ಮಕ್ಕಳಿಗೆ ನೆಟ್ಟಗೆ ಕುಳಿತುಕೊಳ್ಳಿರೆಂದು ಗದರಿಸುವ ಹಿರಿಯರು, ಹಾಗೆ ಹೇಳುವಾಗಲಾದರೂ ತಮ್ಮ ತಲೆಯನ್ನು ಮೊಬೈಲಿನಿಂದ ಮೇಲೆತ್ತಲಿ. ಉಪದೇಶಕ್ಕಿಂತ ಆ ನೋಟವೇ ಮಕ್ಕಳಿಗೆ ಹೆಚ್ಚಿನದನ್ನು ಕಲಿಸೀತು.