ಸಹಿ ಹಾಕದವರ ಪಾಲು

ಹದಿನಾಲ್ಕು ವರ್ಷಗಳಿಂದ ಪುಣೆಯಲ್ಲಿದ್ದೇನೆ. ನಿವೃತ್ತಿಯ ಹೊತ್ತಿಗೆ ಊರಲ್ಲೊಂದು ಮನೆ ಇರಲಿ ಎಂಬ ಆಸೆ ನಿಮ್ಮಂತೆ ನನಗೂ ಇದೆ. ಕಳೆದ ವರ್ಷ ಧಾರವಾಡದಲ್ಲಿ ಅಂಥದ್ದೊಂದು ಮನೆ ಕಡಿಮೆ ಬೆಲೆಗೆ ಮಾರಾಟಕ್ಕಿದೆ ಎಂದು ತಿಳಿಯಿತು. ಮಾರುವವರ ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ್ದ ಮನೆ. ಅವರು ಉಯಿಲು ಬರೆಯದೆ ತೀರಿಕೊಂಡಿದ್ದರು; ತಾಯಿಯೂ ಇಲ್ಲ.

"ತಮ್ಮಂದಿರಿಬ್ಬರೂ ಹಕ್ಕು ಬಿಟ್ಟುಕೊಟ್ಟಾರ್ರಿ, ಪತ್ರ ರಿಜಿಸ್ಟರ್ ಆಗೇತಿ, ಎಲ್ಲಾ ಕ್ಲಿಯರ್" ಎಂದ ಏಜೆಂಟ್. ಖಾತೆಯೂ ಅಣ್ಣನೊಬ್ಬನ ಹೆಸರಿನಲ್ಲಿತ್ತು. ಮುಂಗಡ ಕಳಿಸಲು ನಾನು ಸಿದ್ಧನಾಗಿದ್ದೆ.

ಊರಿನ ವಕೀಲರು ಒಂದೇ ಪ್ರಶ್ನೆ ಕೇಳಿದರು: "ಅವರಿಗೆ ಅಕ್ಕತಂಗೇರು ಎಷ್ಟು ಮಂದಿ ಅದಾರ್ರಿ?"

ವಂಶವೃಕ್ಷ ತರಿಸಿದಾಗ ಮುಂಬೈಯಲ್ಲಿರುವ ತಂಗಿಯ ಹೆಸರು ಸಿಕ್ಕಿತು. ಪತ್ರದಲ್ಲಿ ಆಕೆಯ ಸಹಿ ಇರಲಿಲ್ಲ.

ಹಕ್ಕು ಖುಲಾಸೆ ಪತ್ರದ ಅಪಾಯ ಇರುವುದೇ ಇಲ್ಲಿ. ಅದು ಸಹಿ ಹಾಕಿದವರ ಹಕ್ಕನ್ನು ಮಾತ್ರ ಬಿಡಿಸುತ್ತದೆ. ಹಾಕದವರ ಹಕ್ಕು ಹಾಗೆಯೇ ಉಳಿಯುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಇಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಮದುವೆಯಾಗಿದ್ದರೂ ಸರಿ. ಅಂದರೆ ಆ ಮನೆಯ ನಾಲ್ಕರಲ್ಲೊಂದು ಭಾಗ ಅಣ್ಣ ಮಾರುವಂಥದ್ದೇ ಆಗಿರಲಿಲ್ಲ.

ನೋಂದಣಿಯಾಗಿದೆ ಎಂದಮಾತ್ರಕ್ಕೆ ಹಕ್ಕು ಪೂರ್ಣವಾಗುವುದಿಲ್ಲ. ಖಾತೆ ಇರುವುದು ತೆರಿಗೆಗಾಗಿ. ಅದು ಒಡೆತನದ ಪುರಾವೆಯಲ್ಲ. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳಷ್ಟೇ. ಎಲ್ಲೂ ಸಹಿ ಹಾಕದ ವಾರಸುದಾರರು ಅದರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ಮೊದಲು ವಂಶವೃಕ್ಷ ನೋಡಿ, ಅದು ಪೂರ್ಣವಾಗಿದೆಯೇ ಎಂದು ನೆರೆಹೊರೆಯವರನ್ನೂ ವಿಚಾರಿಸಿ. ಸಾಧ್ಯವಾದರೆ ಎಲ್ಲ ವಾರಸುದಾರರೂ ಕ್ರಯಪತ್ರದಲ್ಲೇ ಮಾರಾಟಗಾರರಾಗಿ ಸಹಿ ಹಾಕಲಿ.

ಇನ್ನೊಂದು ಮಾತು. ಬೇರೆ ಊರಲ್ಲಿರುವ ಆ ತಂಗಿಯ ಜಾಗದಲ್ಲಿ ನಾವೂ ಇದ್ದೇವೆ. "ರಜಾಕ್ಕ ಬಂದಾಗ ಒಂದು ಸಹಿ ಹಾಕಿ ಹೋಗು" ಎಂಬ ಫೋನ್ ನಮಗೂ ಬರುತ್ತದೆ. ಒಡಹುಟ್ಟಿದವರಿಗೆ ಪಾಲು ಬಿಟ್ಟುಕೊಡುವುದು ದೊಡ್ಡ ಗುಣವೇ. ಆದರೆ ಏನು ಬಿಡುತ್ತಿದ್ದೇವೆ ಎಂದು ಓದಿ, ತಿಳಿದು ಬಿಡೋಣ. ನೋಂದಣಿಯಾದ ಮೇಲೆ ಅದನ್ನು ಹಿಂಪಡೆಯುವುದು ಸುಲಭವಲ್ಲ.

"ತಂಗಿಯ ಸಹಿಯನ್ನೂ ತನ್ನಿ, ಅದೇ ಬೆಲೆಗೆ ಕೊಳ್ಳುತ್ತೇನೆ" ಎಂದು ಅಣ್ಣನಿಗೆ ತಿಳಿಸಿದೆ. ಅವರು ಮತ್ತೆ ಫೋನ್ ಮಾಡಲಿಲ್ಲ. ಮನೆ ಕೈತಪ್ಪಿತು, ಆದರೆ ಕಷ್ಟಪಟ್ಟು ಕೂಡಿಟ್ಟ ಹಣ ಉಳಿಯಿತು.