ದ್ವೀಪಗಳ ಸಂದಿಯಲ್ಲೊಂದು ಹೊಳೆ

ಹಾನಗಲ್ಲಿನಿಂದ ಸಮುದ್ರ ಎಷ್ಟು ದೂರ? ನಕಾಶೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆದರೆ ನೂರು ಕಿಲೋಮೀಟರು ಸಹ ಆಗುವುದಿಲ್ಲ. ಆದರೂ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಮಕ್ಕಳಿಗೆ ಸಮುದ್ರವೆಂದರೆ ಭೂಗೋಳದ ಒಂದು ಪಾಠ, ಹೆಚ್ಚೆಂದರೆ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗಿ ಬಂದ ಶಾಲಾ ಪ್ರವಾಸದ ನೆನಪು. ಸಮುದ್ರದ ಜೊತೆ ಈ ಸೀಮೆಯ ನಿಜವಾದ ವ್ಯವಹಾರ ನಡೆಯುವುದು ಜೂನ್ ತಿಂಗಳಲ್ಲಿ. ರೋಹಿಣಿ ಮಳೆ ಮುಗಿದು ಮಿರಗ ಕೂಡುವ ಹೊತ್ತಿಗೆ ಗೋವಿನಜೋಳದ ಬೀಜ, ಗೊಬ್ಬರ ತಂದು ಪಡಸಾಲೆಯಲ್ಲಿ ಒಟ್ಟಿ, ಮನೆಯ ಹಿರಿಯರು ಮುಗಿಲು ನೋಡುತ್ತಾ ನಿಲ್ಲುತ್ತಾರಲ್ಲ, ಆಗ.

ಆ ಮುಗಿಲು ಬರುವುದು ಸಮುದ್ರದಿಂದ. ಇದು ಎಲ್ಲರಿಗೂ ಗೊತ್ತು. ಅದೇ ಸಮುದ್ರ ಒಂದು ವರ್ಷ ಕೈತುಂಬ ಕೊಟ್ಟು ಇನ್ನೊಂದು ವರ್ಷ ಕೈ ಹಿಂದೆಗೆಯುವುದೇಕೆ ಎಂಬುದು ಮಾತ್ರ ಸುಲಭದ ಪ್ರಶ್ನೆಯಲ್ಲ.

1997ರ ಸಂಗತಿ ನೋಡಿ. ಶಾಂತಸಾಗರದ ಪೂರ್ವಭಾಗ ವಿಪರೀತ ಕಾದು, ಶತಮಾನದ ಅತಿ ಪ್ರಬಲ ‘ಎಲ್ ನಿನೊ’ಗಳಲ್ಲಿ ಒಂದು ಕಾಣಿಸಿಕೊಂಡ ವರ್ಷ ಅದು. ಎಲ್ ನಿನೊ ಬಂದರೆ ಭಾರತಕ್ಕೆ ಬರ ಎಂಬುದು ಅಂದಿನ ಲೆಕ್ಕಾಚಾರ. ಆದರೆ ಆ ವರ್ಷ ದೇಶದ ಮುಂಗಾರು ವಾಡಿಕೆಯ ಶೇ 102ರಷ್ಟು ಸುರಿಯಿತು. ಐದು ವರ್ಷದ ನಂತರ, 2002ರಲ್ಲಿ, ಅದಕ್ಕಿಂತ ಎಷ್ಟೋ ಸಾಧಾರಣವಾದ ಎಲ್ ನಿನೊ ಬಂದಾಗ ಮಳೆ ಶೇ 81ಕ್ಕೆ ಕುಸಿಯಿತು. ಶಾಂತಸಾಗರ ಒಂದನ್ನೇ ನೋಡಿಕೊಂಡು ಕೂತರೆ ಸಾಲದು ಎಂದು ಇದರಿಂದ ತಿಳಿಯಿತು.

1997ರ ಒಗಟಿಗೆ ಒಂದು ಉತ್ತರದ ಎಳೆ 1999ರಲ್ಲಿ ಸಿಕ್ಕಿತು. ಸಾಜಿ, ಗೋಸ್ವಾಮಿ, ವಿನಯಚಂದ್ರನ್ ಮತ್ತು ಜಪಾನಿನ ಯಾಮಗಾಟಾ ಸೇರಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ನಮ್ಮ ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ಏರಿಳಿತವಿದೆ ಎಂದು ತೋರಿಸಿದರು. ಗೋಸ್ವಾಮಿ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ವಿನಯಚಂದ್ರನ್ ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದರು. ಕೆಲವು ವರ್ಷಗಳಲ್ಲಿ ಸುಮಾತ್ರಾ ಬದಿಯ ಸಮುದ್ರ ತಣ್ಣಗಾಗಿ, ಆಫ್ರಿಕಾ ಬದಿಯದು ಬಿಸಿಯಾಗುತ್ತದೆ. ಇದಕ್ಕೆ ಇಟ್ಟ ಹೆಸರು ‘ದ್ವಿಧ್ರುವ’. 1997ರಲ್ಲಿ ಇದು ಜೋರಾಗಿತ್ತು. ಎಲ್ ನಿನೊದ ಪೆಟ್ಟನ್ನು ಇದೇ ತಡೆದಿರಬೇಕು ಎಂಬುದು ಅನೇಕ ವಿಜ್ಞಾನಿಗಳ ವಾದ.

ಈಗ ಮುಂದಿನ ಪ್ರಶ್ನೆ. ಶಾಂತಸಾಗರ ಮತ್ತು ಹಿಂದೂ ಮಹಾಸಾಗರ ಎರಡು ಬೇರೆ ಬೇರೆ ಕೆರೆಗಳೇ? ಅಲ್ಲ. ಎರಡರ ನಡುವೆ ಇಂಡೋನೇಷ್ಯಾದ ಸಾವಿರಾರು ದ್ವೀಪಗಳು ಒಡ್ಡಿನಂತೆ ಹರಡಿಕೊಂಡಿವೆ, ಆ ಒಡ್ಡಿನಲ್ಲಿ ಸಂದಿಗಳಿವೆ. ಶಾಂತಸಾಗರದ ಪಶ್ಚಿಮ ಅಂಚಿನ ನೀರಿನ ಮಟ್ಟ ಈಚೆಗಿಂತ ತುಸು ಎತ್ತರ. ಗಾಳಿ ನೀರನ್ನು ಅಲ್ಲಿಗೆ ದೂಡಿ ಪೇರಿಸುವುದರಿಂದ ಹಾಗೆ. ಮೇಲಿನ ಗದ್ದೆಯ ನೀರು ಬದುವಿನ ತೂಬಿನಲ್ಲಿ ಕೆಳಗಿನ ಗದ್ದೆಗೆ ಇಳಿಯುವ ಹಾಗೆ, ಬೆಚ್ಚಗಿನ ನೀರು ಈ ಸಂದಿಗಳಲ್ಲಿ ಇತ್ತ ಇಳಿಯುತ್ತದೆ. ಬೋರ್ನಿಯೊ ಮತ್ತು ಸುಲಾವೆಸಿ ನಡುವಿನ ಮಕಾಸ್ಸರ್ ಜಲಸಂಧಿ ಅದರ ಹೆದ್ದಾರಿ. ಮುಂದೆ ಅದು ಲೊಂಬೊಕ್, ಒಂಬಾಯ್, ತಿಮೋರ್ ದಾರಿಗಳಲ್ಲಿ ಕವಲೊಡೆದು ಹೊರಬಿದ್ದು, ಆಫ್ರಿಕಾದ ಕಡೆಗೆ ಸಾಗುತ್ತದೆ. (ಸವಣೂರಿನ ದೊಡ್ಡ ಹುಣಸೆಮರಗಳ ಕುಲದ ನಾಡು ಅದು. ಅವು ಇಲ್ಲಿಗೆ ಹೇಗೆ ಬಂದವು ಎಂಬುದಕ್ಕೆ ಊರಿನಲ್ಲಿ ಹಲವು ಕಥೆಗಳಿವೆ; ಆ ತಂಟೆ ಈಗ ಬೇಡ.)

ಹೀಗೆ ಹರಿದು ಬರುವ ನೀರು ಎಷ್ಟು? ಸೆಕೆಂಡಿಗೆ ಸರಾಸರಿ ಒಂದೂವರೆ ಕೋಟಿ ಘನಮೀಟರು. ಅಂಕಿ ದೊಡ್ಡದಾಯಿತು, ಹೀಗೆ ನೋಡೋಣ. ಹಾನಗಲ್ಲಿನ ವರದೆ, ಹಿರೇಕೆರೂರಿನ ಕುಮುದ್ವತಿ ಎರಡೂ ಕೊನೆಗೆ ಸೇರುವುದು ತುಂಗಭದ್ರಾ ಜಲಾಶಯವನ್ನು. ಅದರ ಈಗಿನ ಸಾಮರ್ಥ್ಯ ಸುಮಾರು 105 ಟಿಎಂಸಿ. ಮಳೆಗಾಲವೆಲ್ಲ ಕಾಯ್ದು ತುಂಬುವ ಆ ಜಲಾಶಯವನ್ನು ಇಂಡೋನೇಷ್ಯಾದ ಈ ಪ್ರವಾಹ ಮೂರೂವರೆ ನಿಮಿಷದೊಳಗೆ ತುಂಬಿಸಿಬಿಡುತ್ತದೆ. ಗಣಿತ ಬಲ್ಲ ಮಕ್ಕಳು ಮಾಡಿ ನೋಡಲಿ: ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನಮೀಟರು.

ಇಷ್ಟು ದೊಡ್ಡ ಹೊಳೆಯ ಗಾತ್ರವೇ ಬಹುಕಾಲ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ ಎಂದರೆ ನಂಬುತ್ತೀರಾ? ಜರ್ಮನಿಯ ಕ್ಲೌಸ್ ವಿರ್ಟ್ಕಿ 1950ರ ದಶಕದಲ್ಲಿ ಜಕಾರ್ತದಲ್ಲಿದ್ದು ಅಲ್ಲಿನ ಕಡಲುಗಳನ್ನು ಅಭ್ಯಾಸ ಮಾಡಿ 1961ರಲ್ಲಿ ಕೊಟ್ಟ ಅಂದಾಜು ಸೆಕೆಂಡಿಗೆ ಇಪ್ಪತ್ತು ಲಕ್ಷ ಘನಮೀಟರಿನ ಆಸುಪಾಸು. ಬೇರೆಯವರು ಎರಡು ಕೋಟಿಯವರೆಗೂ ಹೋದರು. ಹತ್ತು ಪಟ್ಟು ವ್ಯತ್ಯಾಸ! ಕಾರಣ ಸರಳ: ಯಾರೂ ಅಲ್ಲಿ ಸಾಕಷ್ಟು ಕಾಲ ನಿಂತು ಅಳೆದಿರಲಿಲ್ಲ.

ನಿಂತು ಅಳೆಯುವುದು ಹೇಗೆ? ಹಡಗನ್ನು ವರ್ಷಗಟ್ಟಲೆ ನಿಲ್ಲಿಸಲಾಗದು. ಅದಕ್ಕೆ ಲಂಗರಿನ ಸಾಲು ಹೂಡುತ್ತಾರೆ. ತಳದಲ್ಲಿ ಭಾರ (ಎಷ್ಟೋ ಸಲ ಗುಜರಿಗೆ ಬಿದ್ದ ರೈಲುಗಾಲಿಗಳೇ ಆ ಭಾರ), ಅದರಿಂದ ಮೇಲಕ್ಕೆ ನೂರಾರು ಮೀಟರಿನ ತಂತಿಹಗ್ಗ, ಹಗ್ಗವನ್ನು ನೆಟ್ಟಗೆ ಎತ್ತಿ ಹಿಡಿಯಲು ತೇಲುಗುಂಡುಗಳು, ನಡುನಡುವೆ ಉಪಕರಣಗಳು. ಒಂದು ಉಷ್ಣತೆ ನೋಡುತ್ತದೆ. ಇನ್ನೊಂದು ನೀರಿನಲ್ಲಿ ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುತ್ತದೆಂದು ನೋಡಿ ಉಪ್ಪಿನಂಶ ಹೇಳುತ್ತದೆ. ಮತ್ತೊಂದು ಧ್ವನಿಯ ಅಲೆಯನ್ನು ಬಿಟ್ಟು, ನೀರಿನೊಡನೆ ತೇಲುವ ಸೂಕ್ಷ್ಮಜೀವಿಗಳಿಂದ ಮರಳುವ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುತ್ತದೆ. ಯಲವಿಗಿ ಸ್ಟೇಶನ್ನಿನಲ್ಲಿ ನಿಲ್ಲದೆ ಹೋಗುವ ರೈಲಿನ ಸೀಟಿ ಹತ್ತಿರ ಬರುವಾಗ ಕೀರಲಾಗಿ, ದಾಟಿದೊಡನೆ ತಗ್ಗಿದಂತೆ ಕೇಳುತ್ತದಲ್ಲ, ಅದೇ ಡಾಪ್ಲರ್ ತತ್ತ್ವ. ಪ್ರತಿಧ್ವನಿಯ ಸ್ವರ ಎಷ್ಟು ಬದಲಾಯಿತು ಎಂಬುದರಿಂದ ಪ್ರತಿ ಆಳದಲ್ಲೂ ನೀರಿನ ವೇಗ ತಿಳಿಯುತ್ತದೆ. ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಹಡಗು ಮತ್ತೆ ಬಂದು ಧ್ವನಿಯ ಸಂಕೇತ ಕೊಟ್ಟರೆ, ತಳದ ಕೊಕ್ಕೆ ಬಿಚ್ಚಿಕೊಂಡು ಇಡೀ ಸಾಲು ಮೇಲೆ ತೇಲಿ ಬರುತ್ತದೆ. ಬರಬೇಕು. ಕೆಲವೊಮ್ಮೆ ಕೊಕ್ಕೆ ಬಿಚ್ಚುವುದಿಲ್ಲ, ಕೆಲವೊಮ್ಮೆ ಮೀನುಬಲೆಗೆ ಸಿಕ್ಕಿ ಎಲ್ಲವೂ ಹೋಗಿರುತ್ತದೆ.

ಮಕಾಸ್ಸರಿನಲ್ಲಿ 1996ರ ಕೊನೆಯಿಂದ 1998ರವರೆಗೆ ಇಂಥ ಸಾಲುಗಳಿದ್ದವು. ಒಂದೂವರೆ ವರ್ಷದ ಅಳತೆ ಸಿಕ್ಕಿತು. ಆದರೆ ಅದು ಆ ಮಹಾ ಎಲ್ ನಿನೊದ ಕಾಲ, ಪ್ರವಾಹ ಸೊರಗಿತ್ತು. ಬರದ ವರ್ಷ ಧರ್ಮಾ ಹೊಳೆಯನ್ನು ನೋಡಿ ‘ಇದರ ಗಾತ್ರ ಇಷ್ಟೇ’ ಎಂದು ಬರೆದಿಟ್ಟರೆ ಹೇಗೋ ಹಾಗೆ. ಬಳಿಕ ಐದಾರು ವರ್ಷ ಅಲ್ಲಿ ಅಳತೆಯೇ ಇರಲಿಲ್ಲ. 2004ರಿಂದ 2006ರವರೆಗೆ ಇಂಡೋನೇಷ್ಯಾ, ಆಸ್ಟ್ರೇಲಿಯಾ, ಅಮೆರಿಕ, ಫ್ರಾನ್ಸ್, ನೆದರ್ಲೆಂಡ್ಸ್ ಒಟ್ಟುಗೂಡಿ ಮುಖ್ಯ ಸಂದಿಗಳಲ್ಲೆಲ್ಲ ಏಕಕಾಲಕ್ಕೆ ಸಾಲುಗಳನ್ನು ಹೂಡಿದವು. ಮೇಲೆ ಹೇಳಿದ ಒಂದೂವರೆ ಕೋಟಿ ಬಂದದ್ದು ಆಗ.

ಇನ್ನೊಂದು ಅಚ್ಚರಿಯೂ ಇತ್ತು. ಅತಿ ಬಿಸಿಯಾದ ನೀರು ಇರುವುದು ಮೇಲ್ಪದರದಲ್ಲಿ, ಹರಿವಿನ ಜೋರು ಇರುವುದು ನೂರು ಮೀಟರಿನ ಆಸುಪಾಸಿನ ಆಳದಲ್ಲಿ! ಕೊಲಂಬಿಯಾ ವಿಶ್ವವಿದ್ಯಾಲಯದ ಆರ್ನಾಲ್ಡ್ ಗಾರ್ಡನ್ ಮತ್ತು ಅವರ ಸಂಗಡಿಗರು 2003ರಲ್ಲಿ ಕಾರಣ ವಿವರಿಸಿದರು. ನಮ್ಮ ಚಳಿಗಾಲದ ತಿಂಗಳುಗಳಲ್ಲಿ ಜಾವಾ ಸಮುದ್ರದಿಂದ ಬರುವ ಕಡಿಮೆ ಉಪ್ಪಿನ ಹಗುರ ನೀರು ದಾರಿಯ ಮೇಲೆ ಬೂಚಿನಂತೆ ಕೂತು ಮೇಲ್ಪದರವನ್ನು ತಡೆಯುತ್ತದೆ. ಬರೀ ಮೇಲ್ಮೈಯ ಉಷ್ಣತೆ ನೋಡಿದ್ದರೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ.

ಉಪ್ಪಿನ ಇಂಥದೇ ಆಟ ನಮ್ಮ ಮಗ್ಗುಲಲ್ಲೂ ನಡೆಯುತ್ತದೆ. ಗಂಗಾ, ಬ್ರಹ್ಮಪುತ್ರಗಳ ಸಿಹಿನೀರು ಬೆರೆತ ಬಂಗಾಳ ಕೊಲ್ಲಿಯ ನೀರು ಚಳಿಗಾಲದಲ್ಲಿ ಶ್ರೀಲಂಕೆಯನ್ನು ಸುತ್ತಿಕೊಂಡು ಲಕ್ಷದ್ವೀಪದ ಕಡಲಿಗೆ ಬರುತ್ತದೆ. ಮಿನಿಕಾಯ್ ದ್ವೀಪದ ದಕ್ಷಿಣಕ್ಕಿರುವುದು ಎಂಟು ಡಿಗ್ರಿ ಕಾಲುವೆ, ಉತ್ತರದ್ದು ಒಂಬತ್ತು ಡಿಗ್ರಿ ಕಾಲುವೆ. ಅಕ್ಷಾಂಶವೇ ಅವುಗಳ ಹೆಸರು. ಹಗುರ ನೀರು ಅಲ್ಲಿ ಮೇಲೆ ಹರಡಿಕೊಂಡು ಬಿಸಿಲಿಗೆ ಕಾಯುತ್ತದೆ, ಏಪ್ರಿಲ್-ಮೇ ಹೊತ್ತಿಗೆ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕೇರಳಕ್ಕೆ ಮುಂಗಾರು ಕಾಲಿಡುವ ಮೊದಲು ಒಮ್ಮೊಮ್ಮೆ ಸುಳಿಗಾಳಿ ಹುಟ್ಟುವುದು ಇಂಥಲ್ಲಿಯೇ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ 2008ರ ಸುಮಾರಿನಿಂದ ಮುಂಬೈ, ಗೋವಾ, ಕೊಲ್ಲಂ ಮುಂತಾದ ಕಡೆ ತೀರದಾಚೆ ಲಂಗರಿನ ಸಾಲುಗಳನ್ನು ಹೂಡಿ, ತೀರದುದ್ದಕ್ಕೆ ಚಳಿಗಾಲದಲ್ಲಿ ಉತ್ತರಕ್ಕೂ ಮಳೆಗಾಲದಲ್ಲಿ ದಕ್ಷಿಣಕ್ಕೂ ಹರಿಯುವ ಪ್ರವಾಹವನ್ನು ಅಳೆಯುತ್ತ ಬಂದಿದೆ.

ಇಷ್ಟೆಲ್ಲ ಅಳೆದರೂ 2023 ನಮ್ಮನ್ನು ಬಿಡಲಿಲ್ಲ. ಎಲ್ ನಿನೊ ಇತ್ತು, ದ್ವಿಧ್ರುವವೂ ಅನುಕೂಲವಾಗಿಯೇ ತಿರುಗಿತು, ಆದರೆ ತಡವಾಗಿ. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದಾಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಹಾಗಾದರೆ ಈ ಖರ್ಚೆಲ್ಲ ದಂಡವೇ? ನನಗೆ ಹಾಗೆನಿಸುವುದಿಲ್ಲ. ದ್ವಿಧ್ರುವ ಯಾವಾಗ ತಿರುಗೀತು ಎಂದು ಜೂನ್‌ನಲ್ಲೇ ಹೇಳಬೇಕಾದರೆ, ಅದು ತಿರುಗಿದ ಹತ್ತಾರು ಸಲದ ಒಳನೀರಿನ ದಾಖಲೆ ಕೈಯಲ್ಲಿರಬೇಕು. ನಮ್ಮಲ್ಲಿರುವುದು ಬೆರಳೆಣಿಕೆಯಷ್ಟು ಸಲದ್ದು. ಹೊಸ ಉಪಗ್ರಹಕ್ಕೆ ಕೈಬಿಚ್ಚಿ ಹಣ ಕೊಡುವವರು, ಹಳೆಯ ಲಂಗರನ್ನು ಅದೇ ಜಾಗದಲ್ಲಿ ಹದಿನೈದನೇ ಸಲ ಇಳಿಸಲು ಕೇಳಿದರೆ ಮುಖ ತಿರುಗಿಸುತ್ತಾರೆ. ಎಲ್ಲ ದೇಶದಲ್ಲೂ ಇದೇ ಪಾಡು.

ಈ ವಿಷಯ ಓದಬೇಕೆನ್ನುವ ಮಕ್ಕಳಿಗೆ ದಾರಿ ತೀರ ದೂರವಿಲ್ಲ. ಭೌತಶಾಸ್ತ್ರ, ಗಣಿತ ಗಟ್ಟಿಯಿದ್ದರೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನಕ್ಕೆಂದೇ ಕೇಂದ್ರವಿದೆ. ಜೀವಶಾಸ್ತ್ರ ಇಷ್ಟವಾದರೆ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಕಾರವಾರದಲ್ಲಿದೆ. ತಾಯ್ತಂದೆಯರು ಕೇಳುವ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ನೌಕರಿಗಳು ಎಂಜಿನಿಯರಿಂಗಿನಷ್ಟು ಇಲ್ಲ, ವರ್ಷದಲ್ಲಿ ಕೆಲವು ವಾರ ಹಡಗಿನ ಮೇಲೆ ಕಳೆಯಬೇಕಾದೀತು. ಮೊದಲ ಎರಡು ದಿನ ಹೊಟ್ಟೆ ತೊಳೆಸುತ್ತದಂತೆ. ಮೂರನೆಯ ದಿನದಿಂದ ಊಟ ಸೇರುತ್ತದಂತೆ.